ಚೇರ್ ಮಾತ್ರ ಸಾಕು, ಜನ ಬೇಡ

"ಮೇಡಂ, ನಿಮ್ಮ ಹತ್ರ ಒಂದು ವೀಲ್‌ಚೇರ್ ಉಂಟಾ? ನಾಳೆ ಬೆಳಗ್ಗೆಗೆ ಬೇಕಿತ್ತು."

ಫೋನಿನ ಆ ಕಡೆ ಹೂವಯ್ಯಣ್ಣ. ಯಾರಿಗೆ ಏನಾಯಿತು ಎಂದು ಕೇಳಿದೆ.

"ಯಾರಿಗೂ ಎಂತ ಆಗ್ಲಿಲ್ಲ. ಜನ ಎಲ್ಲ ಬೇಡ. ಚೇರ್ ಮಾತ್ರ ಸಾಕು."

ಇದು ಕಾಳುಮೆಣಸು ಕೊಯ್ಯುವ ಹೊತ್ತಿನಲ್ಲಿ ನಡೆದ ಮಾತು. ಕಥೆ ಮುಗಿದದ್ದು ಹೋದ ಭಾನುವಾರ. ಮುಗಿಯುವವರೆಗೆ ಬರೆಯಬಾರದೆಂದು ಕಷ್ಟಪಟ್ಟು ತಡೆದುಕೊಂಡಿದ್ದೆ.

ನಿಮಗೆ ಗೊತ್ತಲ್ಲ, ಈ ಅಂಕಣ ನನ್ನ ಹವ್ಯಾಸ. ಹೊಟ್ಟೆಪಾಡು ಮಡಿಕೇರಿಯಲ್ಲಿ ಕಟ್ಟಡಗಳ ನಕ್ಷೆ ಮಾಡಿಕೊಡುವುದು. (ಎರಡನ್ನೂ ನೋಡಿದವರು ಹೇಳುವುದು ಒಂದೇ ಮಾತು: ಸ್ವಲ್ಪ ಚಿಕ್ಕದು ಮಾಡಿ.) ಹೂವಯ್ಯಣ್ಣ ಸಂಪಾಜೆ ಕಡೆಗೆ ಇಳಿಯುವ ದಾರಿಯಲ್ಲಿರುವ ಒಂದು ಊರಿನ ಸಮುದಾಯ ಭವನದ ಅಧ್ಯಕ್ಷರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ಮದುವೆ ಊಟ ಚೆನ್ನಾಗಿರುತ್ತದೆ, ಅದನ್ನು ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ.

ಆ ಭವನವನ್ನು ದೊಡ್ಡದು ಮಾಡುವುದಕ್ಕೆ ನಕ್ಷೆ ಮಾಡಿಕೊಟ್ಟವಳು ನಾನು. ಸಾರ್ವಜನಿಕರು ಬರುವ ಕಟ್ಟಡವೆಂದ ಮೇಲೆ ಅಂಗವಿಕಲರೂ ಯಾರ ಹಂಗಿಲ್ಲದೆ ಒಳಗೆ ಬರುವಂತಿರಬೇಕು. ಹಾಗೆಂದು ಕಾನೂನಿದೆ, ಅಳತೆಗಳಿವೆ. ರ‍್ಯಾಂಪ್ ಹೀಗಿರಬೇಕು, ಬಾಗಿಲು ಇಷ್ಟಗಲ, ಟಾಯ್ಲೆಟ್ಟಿನೊಳಗೆ ಗಾಲಿಕುರ್ಚಿ ಒಂದು ಸುತ್ತು ತಿರುಗುವಷ್ಟು ಜಾಗ, ಕೂತವರ ಕೈಗೆ ಎಟುಕುವ ಹಾಗೆ ಹಿಡಿಕೆ. ಎಲ್ಲವನ್ನೂ ನಕ್ಷೆಯಲ್ಲಿ ಹಾಕಿದ್ದೆ. ಕೆಲಸ ನಡೆಯುವಾಗ ಆಗಾಗ ಫೋನ್ ಮಾಡಿ ಕೇಳಿದ್ದೂ ಹೌದು. ಎಲ್ಲವೂ ನಕ್ಷೆ ಪ್ರಕಾರವೇ ಆಗುತ್ತಿದೆ, ನೀವು ಅಷ್ಟು ದೂರ ಬರುವುದೇ ಬೇಡ ಎಂದಿದ್ದರು ಹೂವಯ್ಯಣ್ಣ. (ನಕ್ಷೆ ಪ್ರಕಾರ ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಬಹಳ ವಿಶಾಲವಾದ ಅರ್ಥವಿದೆ.)

ಹೊಸ ಭವನದಲ್ಲಿ ಮೊದಲ ಮದುವೆ ಹೂವಯ್ಯಣ್ಣನ ಮಗಳು ಭವ್ಯಳದ್ದೇ. ಕರೆಯೋಲೆ ಹಂಚಿ ಆಗಿತ್ತು. ಆದರೆ ಅದಕ್ಕೂ ಮೊದಲು ಮೇಲಿನ ಕಚೇರಿಯಿಂದ ಇಂಜಿನಿಯರ್ ಒಬ್ಬರು ಬಂದು ನೋಡಿ, ಸರಿ ಇದೆ ಎನ್ನಬೇಕಿತ್ತು. ಅವರು ಫೋನಿನಲ್ಲಿ ಒಂದು ಮಾತು ಹೇಳಿದ್ದರಂತೆ. ಗೇಟಿನಿಂದ ಸ್ಟೇಜಿನವರೆಗೆ, ಟಾಯ್ಲೆಟ್ಟಿನವರೆಗೆ ವೀಲ್‌ಚೇರ್ ಓಡಿಸಿಯೇ ನೋಡುತ್ತೇನೆ, ರೆಡಿ ಇಟ್ಟಿರಿ ಅಂತ. ಹೂವಯ್ಯಣ್ಣ ನೀರುದೋಸೆ ರೆಡಿ ಮಾಡಿಸಿದ್ದರು, ಕೋಳಿ ಸಾರಿಗೆ ಹೇಳಿದ್ದರು, ಭವನಕ್ಕೆ ಮಾವಿನ ತೋರಣ ಕಟ್ಟಿಸಿದ್ದರು. ವೀಲ್‌ಚೇರ್ ಮಾತ್ರ ಇರಲಿಲ್ಲ. ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಒಂದಿತ್ತು. ಅದರ ಒಂದು ಗಾಲಿ ಬಿದ್ದುಹೋಗಿ, ಸದ್ಯ ಅದರ ಮೇಲೆ ಪ್ರಿಂಟರ್ ಕೂತಿತ್ತು.

ನನ್ನ ಬಳಿ ವೀಲ್‌ಚೇರ್ ಇರಲಿಲ್ಲ. ಆದರೂ ಕಟ್ಟಡವನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು. ಮರುದಿನ ಬೆಳಗ್ಗೆಯೇ ಘಾಟಿ ಇಳಿದೆ.

ಭವನ ದೂರದಿಂದ ಚೆಂದವೇ ಕಾಣುತ್ತಿತ್ತು. ಹತ್ತಿರ ಹೋದೆ. ರ‍್ಯಾಂಪ್ ಎಲ್ಲಿ ಎಂದು ಹುಡುಕಿದೆ. ಒಂದು ಅಡಿ ಮೇಲೇರಬೇಕಾದರೆ ಹನ್ನೆರಡು ಅಡಿ ಉದ್ದ, ಇದು ಲೆಕ್ಕ. ಆ ಭವನ ನಿಂತಿರುವುದು ಗುಡ್ಡದ ಓರೆಯಲ್ಲಿ, ನೆಲ ಅಂಗಳದಿಂದ ನನ್ನ ಎದೆಯೆತ್ತರ. ಹಾಗಾಗಿ ಉದ್ದಕ್ಕೆ ಹೋಗಿ, ಒಂದು ತಿರುವು ತೆಗೆದುಕೊಂಡು, ನಿಧಾನಕ್ಕೆ ಮೇಲೇರುವ ದಾರಿ ಬರೆದಿದ್ದೆ. ನಾನು ಬರೆದ ತಿರುವಿನ ಜಾಗದಲ್ಲಿ ಹೂವಯ್ಯಣ್ಣನ ಜೀಪು ನಿಂತಿತ್ತು. ಮೆಟ್ಟಿಲ ಪಕ್ಕದಲ್ಲಿ ಮಾತ್ರ ಸಿಮೆಂಟಿನ ಜಾರುಬಂಡಿಯಂಥದ್ದೊಂದು ಆಕಾಶ ನೋಡುತ್ತಾ ಮಲಗಿತ್ತು. ಅದರ ಮೇಲೆ ಕಾಳುಮೆಣಸು ಒಣಹಾಕಿದ್ದರು.

ಇದೇನು ಎಂದು ಕೇಳಿದೆ.

"ರ‍್ಯಾಂಪ್ ಮೇಡಂ. ನಿಮ್ಮದು ತುಂಬ ಉದ್ದ ಆಯ್ತು. ಪಾಪ, ಕಾಲಿಲ್ಲದವ್ರು ಅಷ್ಟು ದೂರ ಹೇಗೆ ಹೋಗುದು? ಅದಕ್ಕೆ ಶಾರ್ಟ್‌ಕಟ್ ಮಾಡಿದ್ದು."

ಏನು ಹೇಳುತ್ತೀರಿ? ಕರುಣೆಯಿಂದ ಕಟ್ಟಿದ್ದನ್ನು ಬೈಯುವುದು ಕಷ್ಟ. ಕಾಳುಮೆಣಸಿನ ವಿಷಯ ಕೇಳಿದ್ದಕ್ಕೆ, ಊರಿಗೆಲ್ಲ ಇಷ್ಟು ಒಳ್ಳೆಯ ಬಿಸಿಲು ಬೀಳುವ ಜಾಗ ಇನ್ನೊಂದಿಲ್ಲ, ಸುಮ್ಮನೆ ಖಾಲಿ ಬಿಡುವುದು ಯಾಕೆ ಅಂದರು.

ಒಳಗೆ ಹೋದೆ. ಕಣ್ಣು ಕಾಣದವರು ಕಾಲಿನಲ್ಲೇ ದಾರಿ ತಿಳಿಯಲಿ ಎಂದು ಉಬ್ಬುಗೆರೆಯ ಹಳದಿ ಟೈಲ್ಸ್ ಇರುತ್ತದಲ್ಲ, ಬಾಗಿಲಿನಿಂದ ಸ್ಟೇಜಿಗೆ ಹಾಕಲು ಹೇಳಿದ್ದೆ. ಅದನ್ನು ಹಾಲಿನ ನಡುವಿನ ದೊಡ್ಡ ಕಂಬದ ಸುತ್ತ ಚೌಕವಾಗಿ ಹಾಕಿದ್ದರು. ನೋಡಲಿಕ್ಕೆ ಬಲು ಲಕ್ಷಣ. ನಂಬಿ ನಡೆದವರು ಮಾತ್ರ ಮುಹೂರ್ತ ಮುಗಿಯುವವರೆಗೆ ಕಂಬಕ್ಕೆ ಪ್ರದಕ್ಷಿಣೆ ಬರುತ್ತಿರಬೇಕು. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಫಲಕ ಗೋಡೆಯಲ್ಲಿತ್ತು. ಧೂಳು ಕೂರಬಾರದೆಂದು ಅದಕ್ಕೆ ಗಾಜಿನ ಫ್ರೇಮ್ ಹಾಕಿಸಿದ್ದರು.

ಇನ್ನು ಟಾಯ್ಲೆಟ್. ಅದರ ಅಳತೆ ಒಂದಂಗುಲವೂ ತಪ್ಪಿರಲಿಲ್ಲ. ಕುರ್ಚಿ ತಿರುಗುವಷ್ಟು ಜಾಗ, ಅಗಲವಾದ ಬಾಗಿಲು, ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ. ನನಗೆ ಖುಷಿಯಾಯಿತು. ಬಾಗಿಲ ಮೇಲಿನ ಬೋರ್ಡ್ ಓದುವವರೆಗೆ.

ಬೋರ್ಡಿನಲ್ಲಿ 'ವಧುವಿನ ಕೋಣೆ' ಎಂದಿತ್ತು.

ಒಳಗೆ ಭವ್ಯ ಇದ್ದಳು. ದೊಡ್ಡ ಕನ್ನಡಿ, ಬಲ್ಬುಗಳು. ಸ್ಟೀಲ್ ಹಿಡಿಕೆಯ ಮೇಲೆ ಇಸ್ತ್ರಿ ಮಾಡಿದ ರೇಷ್ಮೆ ಸೀರೆಗಳು ನೇತಾಡುತ್ತಿದ್ದವು. ಕಮೋಡಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಮಖಮಲ್ ದಿಂಬು. ಭವನದ ರೂಮುಗಳಲ್ಲೆಲ್ಲ ಇದೇ ದೊಡ್ಡದಂತೆ. ಒಬ್ಬರು ಹೋಗಿ ಬರುವ ಜಾಗಕ್ಕೆ ಇಷ್ಟು ದೊಡ್ಡ ರೂಮು ಬಿಟ್ಟರೆ ಜನ ನಗುವುದಿಲ್ಲವೇ ಎಂಬುದು ಹೂವಯ್ಯಣ್ಣನ ವಾದ. ಭವ್ಯ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಳುವೋ ನಗುವೋ ನನಗೆ ಗೊತ್ತಾಗಲಿಲ್ಲ.

"ಆಂಟಿ, ನೀವಾದ್ರೂ ಹೇಳಿ ಅಪ್ಪನಿಗೆ. ನಾನು ಕಮೋಡ್ ಮೇಲೆ ಕೂತು ಮದುಮಗಳು ಆಗ್ಬೇಕಂತೆ."

ಇಂಜಿನಿಯರ್ ಬರಲು ಇನ್ನೂ ಸಮಯವಿತ್ತು. ಹೂವಯ್ಯಣ್ಣನಿಗೆ ಇದಾವುದೂ ಚಿಂತೆಯಲ್ಲ. ಅವರ ಚಿಂತೆ ಒಂದೇ, ವೀಲ್‌ಚೇರ್. ಊರಿನಲ್ಲಿ ಇದ್ದದ್ದು ಒಂದೇ ಒಂದು. ಸುಮಿತ್ರಾ ಟೀಚರದ್ದು. ಕೇಳಲು ಹೂವಯ್ಯಣ್ಣನಿಗೆ ಮುಜುಗರ. ನಾನು ಜೊತೆಗೆ ಬರಬೇಕಂತೆ, ಹೆಂಗಸರು ಕೇಳಿದರೆ ಇಲ್ಲ ಅನ್ನುವುದಿಲ್ಲವಂತೆ.

ಸುಮಿತ್ರಾ ಟೀಚರ್ ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವರು. ಕೆಲವು ವರ್ಷಗಳ ಹಿಂದೆ ಘಾಟಿಯ ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದು ಸೊಂಟದಿಂದ ಕೆಳಗೆ ಬಲ ಹೋಯಿತು. ವೀಲ್‌ಚೇರಿನಲ್ಲೇ ಮತ್ತೆ ಕೆಲಸಕ್ಕೆ ಬಂದರು, ಊರಿನವರ ಬಾಯಲ್ಲಿ ಅದು ಟೀಚರ ಗಾಡಿ. ಮನೆ ಮತ್ತು ಶಾಲೆ ಒಂದೇ ಮಟ್ಟದಲ್ಲಿವೆ, ಭವನವೂ ಅದೇ ರಸ್ತೆಯಲ್ಲಿದೆ. ಭವ್ಯ ಅಕ್ಷರ ಕಲಿತದ್ದು ಅವರ ಕೈಯಲ್ಲೇ.

ಟೀಚರ್ ಜಗಲಿಯಲ್ಲಿ ಕೂತು ಹೂವಯ್ಯಣ್ಣ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಒಂದೆರಡು ಗಂಟೆಗೆ ಗಾಡಿ ಕೊಟ್ಟರೆ ಸಾಕು, ನಿಮಗೆ ತೊಂದರೆ ಬೇಡ, ನೀವು ಮಂಚದ ಮೇಲೆ ಆರಾಮಾಗಿ ಮಲಗಿರಿ ಎಂದರು ಅವರು. ಇಷ್ಟೆಲ್ಲ ಕಟ್ಟಿದ್ದೀರಲ್ಲ, ಅದರಲ್ಲಿ ಹೋಗುವವರು ಯಾರು ಎಂದು ಟೀಚರ್ ಕೇಳಿದರು. ಹೂವಯ್ಯಣ್ಣ ಸುಳ್ಳು ಹೇಳುವವರಲ್ಲ. ನಮ್ಮ ಭವನಕ್ಕೆ ವೀಲ್‌ಚೇರಿನವರು ಯಾರೂ ಬರುವುದೇ ಇಲ್ಲ, ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ ಎಂದುಬಿಟ್ಟರು.

ಯಾರ ಹತ್ತಿರ ಏನು ಹೇಳಿದೆ ಎಂದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಕೊಡೆಯ ತುದಿಯಲ್ಲಿ ನೆಲ ಕೆರೆಯುತ್ತಾ ನಿಂತರು.

ಆಮೇಲೆ ಟೀಚರ್ ನನ್ನ ಕಡೆ ತಿರುಗಿ ಹೇಳಿದರು. ಗಾಡಿಗೆ ಬಂದ ಮೇಲೆ ಒಂದೇ ಒಂದು ಸಲ ಆ ಭವನಕ್ಕೆ ಮದುವೆಗೆ ಹೋಗಿದ್ದರಂತೆ. ನಾಲ್ಕು ಜನ ಯುವಕರು ಓಡಿ ಬಂದು ಕುರ್ಚಿ ಸಮೇತ ಎತ್ತಿದರು. ಒಳಗೆ ವಾಲಗದವರಿಗೆ ಎಂಥದೋ ಬರುತ್ತಿದೆ ಎಂದು ಮಾತ್ರ ಕಂಡಿತು. ಬಾರಿಸಲು ಶುರುಮಾಡಿದರು. ಮುಂದಿನ ಸಾಲಿನ ಒಬ್ಬ ಅಜ್ಜಿ ದೇವರ ಪಲ್ಲಕ್ಕಿಯೇ ಬಂತೆಂದು ಎದ್ದು ಕೈಮುಗಿದರು. ಮರುದಿನ ಆ ಫೋಟೊ ಊರಿನವರ ಸ್ಟೇಟಸ್‌ಗಳಲ್ಲಿ ಬಂತು, ಮಾನವೀಯತೆ ಇನ್ನೂ ಸತ್ತಿಲ್ಲ ಎಂಬ ಸಾಲಿನ ಜೊತೆ. ಫೋಟೊದಲ್ಲಿ ಟೀಚರ್ ಕಣ್ಣು ಮುಚ್ಚಿದ್ದರಂತೆ, ಬೀಳುವ ಹೆದರಿಕೆಗೆ. ಹೊತ್ತುಕೊಂಡು ಹೋಗುವ ಕಡೆಗೆ ಇನ್ನು ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದರು. ಭವ್ಯ ಕರೆಯೋಲೆ ತಂದಾಗಲೂ ಮನೆಯಿಂದಲೇ ಆಶೀರ್ವಾದ ಮಾಡುತ್ತೇನೆ ಎಂದಿದ್ದರು. ಅವಳು ಇದೇ ಜಗಲಿಯಲ್ಲಿ ಕೂತು ಅತ್ತು ಹೋಗಿದ್ದಳು. ಈ ಸಂಗತಿ ಅಪ್ಪನಿಗೆ ಗೊತ್ತಿರಲಿಲ್ಲ.

ಇಷ್ಟು ಹೇಳಿ ಟೀಚರ್ ಸೆರಗು ಸರಿಮಾಡಿಕೊಂಡರು.

"ಗಾಡಿ ಕೊಡ್ತೇನೆ ಹೂವಯ್ಯಣ್ಣ. ಆದ್ರೆ ಅದ್ರಲ್ಲಿ ನಾನಿರ್ತೇನೆ."

ಹೀಗೆ ಚೇರ್ ಕೇಳಲು ಹೋದವರಿಗೆ ಜನವೂ ಸಿಕ್ಕಿತು. ಟೀಚರ್ ಜೀಪು ಹತ್ತಲು ಒಪ್ಪಲಿಲ್ಲ, ತಾವೇ ಗಾಲಿ ತಿರುಗಿಸುತ್ತಾ ರಸ್ತೆಯ ಬದಿಯಲ್ಲಿ ಹೊರಟರು. ಹಿಂದೆ ಹೂವಯ್ಯಣ್ಣನ ಜೀಪು, ಇಂಡಿಕೇಟರ್ ಮಿನುಗಿಸುತ್ತಾ ಫಸ್ಟ್ ಗೇರಿನಲ್ಲಿ. ಯಾರೋ ಮಂತ್ರಿ ಬಂದರೆಂದು ಅಂಗಡಿಯವರು ಹೊರಗೆ ಬಂದು ನೋಡಿದರು.

ಇಂಜಿನಿಯರ್ ಆಗಲೇ ಬಂದು ಟೇಪು ಹಿಡಿದು ನಿಂತಿದ್ದರು. ಶನಿವಾರಸಂತೆ ಕಡೆಯವರು, ಚಿಕ್ಕ ವಯಸ್ಸು, ಕೆಲಸಕ್ಕೆ ಹೊಸಬರು. ನೀರುದೋಸೆ ಆಮೇಲೆ ಅಂದರು. (ಆ ಮಾತಿಗೇ ಭವನದ ಸಮಿತಿಯವರ ಅರ್ಧ ಧೈರ್ಯ ಹೋಯಿತು.) ಕಂಬದ ಸುತ್ತಲಿನ ಟೈಲ್ಸ್ ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ಗಾಜಿನ ಮೇಲೆ ಬೆರಳಾಡಿಸಿದರು, ಮತ್ತೆ ಬರೆದುಕೊಂಡರು. ವಧುವಿನ ಕೋಣೆಯ ಬಾಗಿಲು ತೆರೆದು, ದಿಂಬು ನೋಡಿ, ಮೆಲ್ಲಗೆ ಮುಚ್ಚಿದರು. ಕೊನೆಗೆ ರ‍್ಯಾಂಪಿನ ಬುಡಕ್ಕೆ ಬಂದು, ಯಾರಾದರೂ ಹತ್ತಿ ತೋರಿಸಿ ಅಂದರು.

ಎಲ್ಲರೂ ಟೀಚರ್ ಕಡೆ ನೋಡಿದರು. ಟೀಚರ್ ರ‍್ಯಾಂಪ್ ಕಡೆ ನೋಡಿದರು. ಕಾಳುಮೆಣಸನ್ನು ಗುಡಿಸಿ ಬದಿಗೆ ಮಾಡಿದ್ದರು. ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಸಲೀಸು, ಮರದ ದಿಮ್ಮಿ ಎಳೆಯುವುದು ಹಾಗೇ ಅಲ್ಲವೇ ಎಂದು ಸಮಿತಿಯ ಒಬ್ಬರು ಹೇಳಿದರು. ಗಂಭೀರವಾಗಿಯೇ ಹೇಳಿದರು.

ಟೀಚರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕೈಯೂರಿ ಅದಕ್ಕೆ ಜರುಗಿದರು. ತಮ್ಮ ಗಾಡಿಯನ್ನು ಹೂವಯ್ಯಣ್ಣನ ಮುಂದೆ ತಳ್ಳಿದರು.

"ನೀವು ಕಟ್ಸಿದ್ದಲ್ವಾ. ನೀವೇ ಒಮ್ಮೆ ಹತ್ತಿ ತೋರ್ಸಿ."

ಅಧ್ಯಕ್ಷರಿಗೆ ಬೇರೆ ದಾರಿಯಿತ್ತೇ? ಇಡೀ ಸಮಿತಿ ನೋಡುತ್ತಿದೆ, ಮಗಳು ಕಿಟಕಿಯಲ್ಲಿ ನಿಂತಿದ್ದಾಳೆ. ಪಂಚೆ ಎತ್ತಿ ಕಟ್ಟಿ ಕೂತರು. ಹಿಂದಿನಿಂದ ತಳ್ಳಲು ಇಬ್ಬರು ಬಂದರು. ಇಂಜಿನಿಯರ್ ತಡೆದರು. ಅವರವರೇ ಹತ್ತೋ ಹಂಗಿರಬೇಕು, ಅದಕ್ಕೇ ಅಲ್ವಾ ಸಾರ್ ರೂಲ್ಸ್ ಮಾಡಿರೋದು ಅಂದರು.

ಹೂವಯ್ಯಣ್ಣ ತೋಟದಲ್ಲಿ ದುಡಿದ ಮನುಷ್ಯ, ತೋಳಲ್ಲಿ ಬಲವಿದೆ. ಒಂದು, ಎರಡು, ಮೂರು ಸಲ ಗಾಲಿ ತಿರುಗಿಸಿ ಅರ್ಧದವರೆಗೆ ಹೋದರು. ಚಪ್ಪಾಳೆಯೂ ಬಂತು. ಅಲ್ಲಿಗೆ ನಿಂತಿತು. ಮೇಲೆ ಹೋಗಲಾಗದು. ಕೈ ಬಿಟ್ಟರೆ ಕೆಳಗೆ. ಪಕ್ಕದಲ್ಲಿ ಥಳಥಳ ಹೊಳೆಯುವ ಸ್ಟೀಲ್ ಕಂಬಿ ಇತ್ತು. ಅದನ್ನು ಹಾಕಿಸಿದ್ದು ನಿಂತವರ ಭುಜದ ಮಟ್ಟಕ್ಕೆ. ಕೂತ ಹೂವಯ್ಯಣ್ಣನಿಗೆ ಅದು ತಲೆಯ ಮೇಲಿತ್ತು.

"ಮೇಡಂ, ಈಗ ಎಂತ ಮಾಡುದು?" ಎಂದು ಕೇಳಿದರು. ಧ್ವನಿ ಬಹಳ ಸಣ್ಣದಾಗಿತ್ತು.

ನಾನು ಓಡಿದೆ. ಸಮಿತಿಯೂ ಓಡಿತು. ಗುಡಿಸಿಟ್ಟಿದ್ದ ಕಾಳುಮೆಣಸು ಯಾರದೋ ಕಾಲಿಗೆ ಸಿಕ್ಕಿ ಹರಡಿತು. ಒಣಗಿದ ಕಾಳುಮೆಣಸಿನ ಮೇಲೆ ಓಡಿ ನೋಡಿದ್ದೀರಾ? ನೋಡಬೇಡಿ. ಉಪಾಧ್ಯಕ್ಷರು ಕೂತರು, ನಾನು ಕೂತೆ, ಹಗ್ಗದ ಸಲಹೆ ಕೊಟ್ಟವರು ಮಲಗಿಯೇ ಬಿಟ್ಟರು. ಟೀಚರ್ ಬ್ರೇಕ್ ಹಾಕಿ, ಬ್ರೇಕ್ ಹಾಕಿ ಎಂದು ಹೇಳುತ್ತಿರುವುದು ಕೇಳಿಸುತ್ತಿತ್ತು. ಹೂವಯ್ಯಣ್ಣನಿಗೂ ಕೇಳಿಸಿರಬೇಕು. ತಿರುಗಿ ಅವರನ್ನೇ ನೋಡಿದರು.

"ಇದಕ್ಕೆ ಬ್ರೇಕ್ ಉಂಟಾ ಟೀಚರೆ?"

ಹಾಗೆ ಕೇಳುತ್ತಲೇ ಅವರು ಹಿಂದಕ್ಕೆ ಹೊರಟರು. ಮುಖ ಭವನದ ಕಡೆಗೇ ಇತ್ತು, ನಮ್ಮ ನಡುವಿನಿಂದ ದಾರಿ ಮಾಡಿಕೊಂಡು ಬಂದರು. ಅಂಗಳ ದಾಟಿ, ಮದುವೆಗೆಂದು ತಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳ ರಾಶಿಗೆ ತಾಗಿ ನಿಂತರು. ಒಂದು ಕುರ್ಚಿ ನಿಧಾನವಾಗಿ ಬಂದು ಅವರ ತೊಡೆಯ ಮೇಲೆ ಕೂತಿತು. ಏಟೇನೂ ಆಗಲಿಲ್ಲ. ಗಾಡಿಗೂ ಏನೂ ಆಗಲಿಲ್ಲ. (ಟೀಚರ್ ಮೊದಲು ಕೇಳಿದ್ದು ಗಾಡಿಯ ಬಗ್ಗೆ.)

ಇಲ್ಲಿಯವರೆಗಿನದನ್ನು ನಾನು ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಇಲ್ಲಿಂದ ಮುಂದಿನದು ನನಗೆ ನಿಜವಾಗಿ ಮನಸ್ಸಿನಲ್ಲಿ ಉಳಿದದ್ದು.

ಹೂವಯ್ಯಣ್ಣನಿಗೆ ಸ್ವಲ್ಪ ತಲೆ ಸುತ್ತುತ್ತಿತ್ತು, ಹಾಗಾಗಿ ಗಾಡಿಯಲ್ಲೇ ಕೂತಿದ್ದರು. ಸಮಿತಿಯವರು ಎದ್ದು ಬಂದು ಸುತ್ತ ನಿಂತರು. ಉಪಾಧ್ಯಕ್ಷರು ನನ್ನನ್ನು ಕೇಳಿದರು, ಅಣ್ಣನಿಗೆ ನೀರು ಕೊಡಬಹುದಾ ಮೇಡಂ ಅಂತ. ಇನ್ನೊಬ್ಬರು ಇಂಜಿನಿಯರನ್ನು ಕೇಳಿದರು, ಇವರನ್ನು ನೆರಳಿಗೆ ತಳ್ಳೋಣವಾ ಅಂತ. ಮತ್ತೊಬ್ಬರು ಮಗುವಿಗೆ ಹೇಳುವ ಹಾಗೆ ಜೋರಾಗಿ, ಬಿಡಿ ಬಿಡಿ, ಏನೂ ಆಗಿಲ್ಲ ಎಂದು ಹೇಳಿ ತಲೆ ಸವರಿದರು. ಬೆಳಗ್ಗೆಯವರೆಗೆ ಆ ಮನುಷ್ಯನ ಮುಂದೆ ಧ್ವನಿಯೆತ್ತದ ಜನ ಇವರು. ಗಾಲಿಯ ಮೇಲೆ ಕೂತು ಐದು ನಿಮಿಷವೂ ಆಗಿರಲಿಲ್ಲ.

ಹೂವಯ್ಯಣ್ಣ ತಲೆಯ ಮೇಲಿನ ಕೈಯನ್ನು ತೆಗೆದರು.

"ನಾನು ಇಲ್ಲೇ ಇದ್ದೇನಲ್ಲ. ನನ್ನ ಹತ್ರ ಕೇಳಿ."

ಅಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡಿದ್ದ ಸುಮಿತ್ರಾ ಟೀಚರ್ ಆಗ ನಕ್ಕರು. ಅದು ಅಣಕವಾಗಿರಲಿಲ್ಲ, ಕುಹಕವೂ ಅಲ್ಲ. ಬಹಳ ದಿನದ ಮೇಲೆ ತಮ್ಮ ಭಾಷೆ ಆಡುವವರು ಸಿಕ್ಕಿದಾಗ ನಗುತ್ತೇವಲ್ಲ, ಹಾಗೆ. ಹೂವಯ್ಯಣ್ಣ ಅವರನ್ನು ನೋಡಿದರು. ಎದ್ದು, ಗಾಡಿಯ ಸೀಟನ್ನು ತಮ್ಮ ಶಲ್ಯದಲ್ಲಿ ಒರೆಸಿ, ಅವರ ಪಕ್ಕಕ್ಕೆ ತಂದು ನಿಲ್ಲಿಸಿದರು.

ಇಂಜಿನಿಯರ್ ಒಪ್ಪಿಗೆ ಕೊಡಲಿಲ್ಲ. ಸರಿಮಾಡಿ ಕರೆಯಿರಿ, ಮತ್ತೆ ಬರುತ್ತೇನೆ ಅಂದರು. ಸಮಿತಿಯವರು ಮೇಲಿನವರಿಗೆ ಫೋನ್ ಮಾಡಿಸೋಣ ಎಂದು ಗುಸುಗುಸು ಶುರುಮಾಡಿದರು. ಹೂವಯ್ಯಣ್ಣ ಬೇಡ ಅಂದರು. ನೀರುದೋಸೆ ಬಡಿಸಲು ಹೇಳಿದರು. ಅವರೇ ಹೋಗಿ ಜೀಪನ್ನು ನಾನು ಬರೆದ ತಿರುವಿನ ಜಾಗದಿಂದ ತೆಗೆದು ರಸ್ತೆಯಲ್ಲಿ ನಿಲ್ಲಿಸಿದರು.

ಮಾರನೆಯ ದಿನವೇ ರ‍್ಯಾಂಪ್ ಒಡೆದರು. ಕೆಲಸ ಮತ್ತೆ ಮೊದಲಿನಿಂದ. ಈ ಸಲ ನಾನು ಕರೆಯದೆಯೇ ಹೋದೆ. ಶಾಲೆ ಬಿಟ್ಟ ಮೇಲೆ ಸುಮಿತ್ರಾ ಟೀಚರ್ ದಿನಾ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಗಾರೆಯವರು ಒಂದನೇ ಕ್ಲಾಸಿನ ಮಕ್ಕಳಂತೆ ಮಾತಿಲ್ಲದೆ ಕೆಲಸ ಮಾಡುತ್ತಿದ್ದರು. ಒಬ್ಬರಂತೂ ಬೀಡಿಗೆ ಹೊರಗೆ ಹೋಗುವಾಗ ಕಿರುಬೆರಳು ತೋರಿಸಿ ಕೇಳಿ ಹೋದರು. ಕಂಬಿ ಕೆಳಗಿಳಿಯಿತು. ಹಳದಿ ಟೈಲ್ಸ್ ಕಂಬ ಬಿಟ್ಟು ಸ್ಟೇಜಿಗೆ ಹೋಯಿತು. ಸ್ಟೇಜಿಗೂ ಒಂದು ಚಿಕ್ಕ ಇಳಿಜಾರು ಬಂತು. ಬ್ರೈಲ್ ಫಲಕ ಗಾಜಿನಿಂದ ಬಿಡುಗಡೆಯಾಯಿತು. ಭವ್ಯ ಟಾಯ್ಲೆಟ್ಟಿನಿಂದ ಬಿಡುಗಡೆಯಾಗಿ ಪಕ್ಕದ ಚಿಕ್ಕ ರೂಮಿಗೆ ಹೋದಳು, ದಿಂಬು ಸಮೇತ. ಇಂಜಿನಿಯರ್ ಮತ್ತೆ ಬಂದರು. ಟೀಚರ್ ಒಬ್ಬರೇ ಹತ್ತಿದರು, ಒಬ್ಬರೇ ಇಳಿದರು. ನಡುವೆ ತಿರುವಿನಲ್ಲಿ ನಿಂತು ಗುಡ್ಡ ನೋಡಿದರು.

ಹೋದ ಭಾನುವಾರ ಮದುವೆ. ಫೋಟೊ ಬೇಡ, ವಾಲಗ ಬೇಡ, ಯಾರೂ ಎದ್ದು ನಿಲ್ಲಬೇಡಿ ಎಂದು ಟೀಚರ್ ಮೊದಲೇ ಹೇಳಿದ್ದರು. ಅಂಥ ಭಯವೇ ಬೇಕಿರಲಿಲ್ಲ. ನಾನು ಹೋಗುವಾಗ ಯಾರೂ ಅವರನ್ನು ಗಮನಿಸುವ ಸ್ಥಿತಿಯಲ್ಲೇ ಇರಲಿಲ್ಲ. ಇಡೀ ದಿಬ್ಬಣ ರ‍್ಯಾಂಪಿನ ಮೇಲಿತ್ತು. ಮಂಡಿನೋವಿನ ಅಜ್ಜಿಯರು ಕಂಬಿ ಹಿಡಿದು ಸಾಲಾಗಿ ಹೋಗುತ್ತಿದ್ದರು. ಅವರ ಹಿಂದೆ ಮಗುವಿನ ತಳ್ಳುಗಾಡಿ. ಅದರ ಹಿಂದೆ ಪಾಯಸದ ಹಂಡೆಯನ್ನು ಟ್ರಾಲಿಯಲ್ಲಿ ತಳ್ಳುವ ಅಡುಗೆಯವರು. ಬೆಳಕು ಚೆನ್ನಾಗಿದೆ ಎಂದು ತಿರುವಿನಲ್ಲಿ ವಧೂವರರನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದವರು ಬೇರೆ. ಹೀಲ್ಸ್ ಹಾಕಿದ ಹುಡುಗಿಯರು, ಸಕ್ಕರೆ ಕಾಯಿಲೆಯವರು, ಹೊಟ್ಟೆಯವರು, ಪಂಚೆ ಎತ್ತಲು ಸೋಮಾರಿತನದವರು, ಎಲ್ಲರೂ ಅಲ್ಲೇ. ಪಕ್ಕದ ಮೆಟ್ಟಿಲ ಮೇಲೆ ಒಂದು ನಾಯಿ ಮಲಗಿತ್ತು.

ಟೀಚರ್ ರೇಷ್ಮೆ ಸೀರೆಯುಟ್ಟು, ಉಡುಗೊರೆ ತೊಡೆಯ ಮೇಲಿಟ್ಟುಕೊಂಡು, ಸಾಲಿನ ಕೊನೆಯಲ್ಲಿ ಕಾಯುತ್ತಿದ್ದರು. ಜನರನ್ನು ಒಳಗೆ ಬಿಡುವ ಕೆಲಸ ವಹಿಸಿಕೊಂಡಿದ್ದ ಗಂಡಿನ ಕಡೆಯ ಒಬ್ಬರು ಬೆವರು ಒರೆಸಿಕೊಳ್ಳುತ್ತಾ ಬಂದರು. ಅವರ ಕಣ್ಣಿಗೆ ಬಿದ್ದದ್ದು ಸಾಲು ಮಾತ್ರ.

"ಅಕ್ಕ, ಇಲ್ಲಿ ತುಂಬ ರಶ್ ಉಂಟು. ನೀವು ಆ ಕಡೆ ಮೆಟ್ಟಿಲಲ್ಲಿ ಹೋಗಿ. ಖಾಲಿ ಉಂಟು."

ನನಗೆ ಸಿಟ್ಟು ಬಂತು, ಏನೋ ಹೇಳಹೊರಟೆ. ಟೀಚರ್ ನನ್ನ ಕೈ ಹಿಡಿದು ತಡೆದರು. ಪರವಾಗಿಲ್ಲ, ನನ್ನ ಸರದಿ ಬರಲಿ ಎಂದು ಅವರಿಗೆ ಹೇಳಿ ಕಳುಹಿಸಿದರು. ಆಮೇಲೆ ನನ್ನ ಕಿವಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಗೊಣಗದೆ ಎಷ್ಟು ವರ್ಷವಾಯಿತು ಗೊತ್ತಾ ಅಂದರು. ಗೊಣಗಿದರು ಕೂಡ, ಮುಂದಿನ ಅಜ್ಜಿಯ ನಿಧಾನದ ಬಗ್ಗೆ. ತಿರುವಿನಲ್ಲಿ ಭವ್ಯ ಮೇಲಿನಿಂದ ಅವರನ್ನು ನೋಡಿದಳು. ಫೋಟೊದವರನ್ನು ಬಿಟ್ಟು, ಸೀರೆ ಎತ್ತಿ ಹಿಡಿದು, ಅಷ್ಟು ಜನರನ್ನೂ ಸರಿಸಿಕೊಂಡು ಇಳಿದು ಬಂದಳು. ಇಬ್ಬರೂ ಅತ್ತರು, ಸಾಲು ಅಲ್ಲಿಗೆ ಪೂರ್ತಿ ನಿಂತುಹೋಯಿತು.

ಊಟ ಎಂದಿನಂತೆ ಚೆನ್ನಾಗಿತ್ತು. ಕೈತೊಳೆದು ಹೊರಗೆ ಬಂದರೆ ಹೂವಯ್ಯಣ್ಣ ಬೇರೊಂದು ಯೋಚನೆಯಲ್ಲಿ ನಿಂತಿದ್ದರು. ಈ ಮೆಟ್ಟಿಲಿನಲ್ಲಿ ಜನರೇ ಹೋಗುವುದಿಲ್ಲ, ಇದನ್ನು ತೆಗೆದುಬಿಟ್ಟರೆ ಕಾನೂನಿನ ತೊಂದರೆ ಇದೆಯೇ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದು ಬಂದಿದ್ದೇನೆ. ಅಷ್ಟರಲ್ಲಿ ನೀವೂ ಒಂದು ಸಲ ನಿಮ್ಮೂರಿನ ಭವನ, ಬ್ಯಾಂಕು, ಕಚೇರಿಗಳ ಕಡೆ ಹೋಗಿ ನೋಡಿ ಬನ್ನಿ.

ಅಲ್ಲೆಲ್ಲ ಇಷ್ಟೊಂದು ಮೆಟ್ಟಿಲು ಕಟ್ಟಿದ್ದಾರಲ್ಲ, ಅದು ನಿಜವಾಗಿ ಯಾರ ಅನುಕೂಲಕ್ಕೆ?